ಡಬ್ಬಿಯೊಳಗಿನ ತೊಗರಿ ಬೇಳೆ

ನಮ್ಮ ಮನೆಯಲ್ಲಿ ಒಲೆಯ ಪಕ್ಕ ಒಂದು ಹಿತ್ತಾಳೆ ಡಬ್ಬಿ ಇದೆ. ಅನ್ನಕ್ಕೆ ಅಕ್ಕಿ ತೆಗೆದಾಗಲೆಲ್ಲ ಒಂದು ಮುಷ್ಟಿ ಅದಕ್ಕೆ ಹಾಕಬೇಕು, ಹಾಕುವಾಗ ಯಾರಾದರೊಬ್ಬರ ಹೆಸರು ಹೇಳಿ ಅವರಿಗಾಗಿ ಪ್ರಾರ್ಥಿಸಬೇಕು. ಭಾನುವಾರ ಡಬ್ಬಿ ಚರ್ಚಿಗೆ ಹೋಗುತ್ತದೆ. ಅಲ್ಲಿ ಎಲ್ಲ ಮನೆಗಳ ಅಕ್ಕಿ ಒಂದೇ ಬುಟ್ಟಿಗೆ ಬಿದ್ದು, ದಿಕ್ಕಿಲ್ಲದ ಮುದುಕಿಯರ ಮನೆ ಸೇರುತ್ತದೆ.

ಡಬ್ಬಿ ಬಂದದ್ದು ನಾರಾಯಣಖೇಡದಿಂದ, ನನ್ನ ಅತ್ತೆಯ ಒಲೆಯ ಪಕ್ಕದಿಂದ. ಅವರ ಕಾಲಕ್ಕೆ ಅದರಲ್ಲಿ ಬೀಳುತ್ತಿದ್ದದ್ದು ಜೋಳ. ಅಕ್ಕಿ ಬೀಗರು ಬಂದಾಗ ಮಾತ್ರ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಸಿಸ್ಟರ್ ಕೊಟ್ಟ ಪ್ರೇಯರ್ ಬುಕ್ ಹಿಡಿದು ಬಂದ ಸೊಸೆ. ಅತ್ತೆಗೆ ಓದು ಬರುತ್ತಿರಲಿಲ್ಲ, ಆದರೆ ಊರಿನ ಅರ್ಧ ಜನರ ಹೆಸರು ಆ ಡಬ್ಬಿಯೊಳಗೆ ಬಿದ್ದಿತ್ತು. ಜಗಳವಾಡಿದವರದು ಮೊದಲು ಬೀಳುತ್ತಿತ್ತು. ಅದು ಪ್ರಾರ್ಥನೆಯೋ ಕಂಪ್ಲೇಂಟೋ ನನಗೆ ಕೊನೆವರೆಗೂ ತಿಳಿಯಲಿಲ್ಲ.

ನನ್ನ ಮೊಣಕಾಲು ಕೈಕೊಟ್ಟ ಮೇಲೆ, ಜಹೀರಾಬಾದಿನ ಈ ಮನೆಯಲ್ಲಿ ಡಬ್ಬಿಯನ್ನು ಸೊಸೆಗೆ ಒಪ್ಪಿಸಿದೆ. ಅವಳು ತಾಂಡೂರಿನವಳು, ಸ್ಕೂಲ್ ಟೀಚರ್, ನಗುತ್ತಲೇ ಓಡಾಡುವ ಹುಡುಗಿ. ನನಗಿದ್ದದ್ದು ಒಂದೇ ಚಿಂತೆ: ಅತ್ತೆಯಿಂದ ನನ್ನ ಕೈಗೆ ಬಂದದ್ದು ಇವಳ ಕೈಯಲ್ಲಿ ನಿಂತುಹೋಗಬಾರದು. ನಾನು ಹೋದಮೇಲೆ ಡಬ್ಬಿಯಲ್ಲಿ ಬಟ್ಟೆ ಪಿನ್ನು ತುಂಬಿರುವುದನ್ನು ಕಲ್ಪಿಸಿಕೊಂಡು ರಾತ್ರಿ ಎದ್ದು ಕೂರುತ್ತಿದ್ದೆ.

ಅನುಮಾನ ಹುಟ್ಟಿದ್ದು ಡಬ್ಬಿಯ ಶಿಸ್ತು ನೋಡಿ. ಮುಷ್ಟಿಯಿಂದ ತುಂಬಿದ ಡಬ್ಬಿ ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ ಇರಬೇಕು. ನಮ್ಮದು ಪ್ರತಿ ಭಾನುವಾರ ಕಂಠಮಟ್ಟ, ಗೆರೆ ಕೊರೆದ ಹಾಗೆ. ಟೂ ಪರ್ಫೆಕ್ಟ್. ಒಂದು ಸೋಮವಾರ ಅವಳು ಸ್ಕೂಲಿಗೆ ಹೋದಮೇಲೆ, ಖಾಲಿ ಡಬ್ಬಿಯ ತಳಕ್ಕೆ ಅವಳ ತವರಿನದೇ ತೊಗರಿ ಬೇಳೆ ನಾಲ್ಕು ಕಾಳು ಉದುರಿಸಿದೆ. ದಿನಾ ಮುಷ್ಟಿ ಬಿದ್ದರೆ ಬೇಳೆ ಮುಚ್ಚಿಹೋಗಬೇಕು.

ಆ ವಾರ ನನ್ನ ಮೊಣಕಾಲಿಗೆ ಎಲ್ಲಿಂದ ಬಂತೋ ಶಕ್ತಿ. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಪ್ರಾರ್ಥನೆ ಗುನುಗುವುದು, ಆಮೆನ್ ಎಂದೊಡನೆ ಗೋಡೆ ಹಿಡಿದು ಅಡಿಗೆಮನೆಗೆ ಹೋಗಿ ಮುಚ್ಚಳ ತೆಗೆಯುವುದು. ಬೇಳೆ ತಳದಲ್ಲಿ ಹೊಳೆಯುತ್ತಿತ್ತು. ಶನಿವಾರ ಮಧ್ಯಾಹ್ನವೂ ಹೊಳೆಯಿತು. ಸಂಜೆ ನೋಡಿದರೆ ಡಬ್ಬಿ ಕಂಠಮಟ್ಟ. ಅಗಾಧ ಖುಷಿಯಾಯಿತು ಎಂದು ಬರೆಯಲು ನಾಚಿಕೆ, ಆದರೆ ಆಯಿತು.

ಅವಳು ತಾಂಡೂರು ಬಂಡೆಯ ಕಟ್ಟೆ ಒರೆಸುತ್ತಿದ್ದಳು. ನಾನು ಡಬ್ಬಿಯನ್ನು ಮೊರಕ್ಕೆ ಸುರಿದು, ತಳದಿಂದ ಬಂದ ಬೇಳೆ ಆರಿಸಿ ಎವಿಡೆನ್ಸ್ ಥರ ಮುಂದಿಟ್ಟೆ. ಅವಳೇನೂ ಮುಚ್ಚಿಡಲಿಲ್ಲ.

"ಶನಿವಾರ ಒಮ್ಮೆಲೇ ಹಾಕ್ತೀನ್ರಿ ಅತ್ತಿ. ಮುಂಜಾನಿ ಕುಕ್ಕರ್ ಇಡಾಕೇ ಟೈಮ್ ಸಾಲಲ್ಲ. ಅಕ್ಕಿ ಅಂತೂ ಅಷ್ಟೇ ಹೋಗ್ತದಲ್ರಿ?"

ಆಗ ನಾನು ಮಾರಲ್ ಸೈನ್ಸ್ ಕ್ಲಾಸು ತೆಗೆದುಕೊಂಡೆ. ಯಾರೂ ಒಂದೇ ದಿನಕ್ಕೆ ದೇವರನ್ನು ಬಿಡುವುದಿಲ್ಲ, ಮೊದಲು ಹೆಸರು ಬಿಟ್ಟುಹೋಗುತ್ತದೆ, ಆಮೇಲೆ ಮುಷ್ಟಿ ಬಿಟ್ಟುಹೋಗುತ್ತದೆ, ಡಬ್ಬಿ ಮಾತ್ರ ತುಂಬಿಯೇ ಇರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ ಎಂದೆಲ್ಲ. ಚೆನ್ನಾಗಿಯೇ ಹೇಳಿದೆ. ಅವಳು ಪೂರ್ತಿ ಕೇಳಿ, ಸೆರಗಿಗೆ ಕೈ ಒರೆಸಿಕೊಂಡು, ಒಳಗಿನಿಂದ ನನ್ನ ಪ್ರೇಯರ್ ಬುಕ್ ತಂದಳು. ಬೆಳಗಿನ ಪ್ರಾರ್ಥನೆಯ ಪುಟ ತೆರೆದಳು. ನಡುವೆ ಒಂದು ಕರಿಬೇವಿನ ಎಲೆ, ಒಣಗಿ ಹಪ್ಪಳವಾಗಿತ್ತು.

"ಕ್ರಿಸ್ಮಸ್ ಮುಂದ ಇಟ್ಟಿದ್ದೆರಿ. ಆವಾಗ ಹಸೀ ಇತ್ತು."

ಹೊರಗೆ ಮಾವಿನಹಣ್ಣಿನ ಬಂಡಿಯವನು ಕೂಗುತ್ತಿದ್ದ.

ನನಗೆಲ್ಲ ಬಾಯಿಪಾಠ ಬರುತ್ತದೆ, ಪುಸ್ತಕ ಯಾಕೆ ತೆರೆಯಬೇಕು ಎಂದೆ.

"ಬಾಯಿಪಾಠ ಬರ್ತದ ಖರೇರಿ. ನಿನ್ನಿ ಆಮೆನ್ ಅನ್ನೋಕಿಂತ ಮೊದಲ, ಹಾಲು ಉಕ್ಕಲಾಕತ್ತದ ನೋಡು ಅಂದ್ರಿ. ಮತ್ತ ಅಲ್ಲಿಂದಲೇ ಮುಂದುವರಿಸಿದ್ರಿ." ಅವಳು ನಗುತ್ತಿದ್ದಳು, ಆಮೇಲೆ ನಗು ಸ್ವಲ್ಪ ಇಳಿಯಿತು. "ನಿಮ್ಮನ್ನ ನೋಡೇ ನಾನೂ ಹಿಂಗೂ ನಡೀತದ ಅಂದ್ಕೊಂಡೆರಿ ಅತ್ತಿ."

ಡಬ್ಬಿಗೆ ನಾನು ಕೊಟ್ಟ ಕಾವಲಿನ ಅರ್ಧವನ್ನು ಪ್ರಾರ್ಥನೆಗೆ ಕೊಟ್ಟಿದ್ದರೆ, ಎಂದುಕೊಂಡು ಎಲೆ ಮುಟ್ಟಿದೆ. ಅದು ಪುಡಿಯಾಯಿತು.

ಮೊರದಲ್ಲಿದ್ದ ಅಕ್ಕಿಯನ್ನು ಚೀಲಕ್ಕೆ ವಾಪಸು ಹಾಕಿದೆವು. ಆ ರಾತ್ರಿಯ ಅಡುಗೆಗೆ ಅವಳು ಅಕ್ಕಿ ತೆಗೆಯುವಾಗ ನಾನೂ ಗೋಡೆ ಹಿಡಿದು ಹೋದೆ. ನಾನೊಂದು ಮುಷ್ಟಿ ಹಾಕಿ ಅವಳ ಹೆಸರು ಹೇಳಿದೆ. ಅವಳೊಂದು ಮುಷ್ಟಿ ಹಾಕಿ ಯಾರ ಹೆಸರು ಹೇಳಿದಳೋ ಕೇಳಿಸಲಿಲ್ಲ, ಆದರೆ ಕಣ್ಣು ನನ್ನ ಮೊಣಕಾಲಿನ ಮೇಲಿತ್ತು. ಮರುದಿನ ಅಷ್ಟನ್ನೇ ಹೊತ್ತು ಚರ್ಚಿಗೆ ಹೋದೆವು. ಪಾಸ್ಟರಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿ, ಮನೆಯಲ್ಲಿ ಎಲ್ಲರೂ ಆರಾಮ ಇದ್ದೀರಾ ಎಂದು ಬಹಳ ಮೆತ್ತಗೆ ಕೇಳಿದರು. ಈಗಷ್ಟೇ ಆರಾಮ ಆಗುತ್ತಿದ್ದೇವೆ ಎಂದೆ. ಸೊಸೆ ಕೆಮ್ಮುವ ನೆಪದಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಈಗ ಪರಸ್ಪರ ಬೇಹುಗಾರಿಕೆ ಬಹಿರಂಗವಾಗಿಯೇ ನಡೆದಿದೆ. ನಾನು ಬೇಳೆ ಹಾಕುತ್ತೇನೆ, ಅವಳು ಯಾವುದಾದರೂ ಪುಟದಲ್ಲಿ ಹಸಿ ಎಲೆ ಇಡುತ್ತಾಳೆ. ಮೊನ್ನೆ ನನಗೆ ಓದಲು ಬೇಸರವಾಗಿ, ಎಲೆಯನ್ನು ಸುಮ್ಮನೆ ಮುಂದಿನ ಪುಟಕ್ಕೆ ಸರಿಸಿ ಮೋಸ ಮಾಡೋಣ ಎಂದು ಪುಸ್ತಕ ತೆರೆದೆ. ಕನ್ನಡಕ ಮೂಗಿನ ಮೇಲೇ ಇತ್ತು. ಒಂದು ಸಾಲಿನ ಮೇಲೆ ಕಣ್ಣು ಬಿತ್ತು, ಆಮೇಲೆ ಇನ್ನೊಂದರ ಮೇಲೆ. ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ ಬಂತು. ನಾನು ಕೂಗಲಿಲ್ಲ.