ಲೀಗಿನ ನಡುವಿನ ಮೂರು ವಾರ

ನನ್ನ ತಂಗಿ ವೃತ್ತಿಪರ ಫುಟ್‌ಬಾಲ್ ಆಟಗಾರ್ತಿ. ಹೊರರಾಜ್ಯದ ಒಂದು ಕ್ಲಬ್ಬಿಗೆ ಆಡುತ್ತಾಳೆ. ನಾನು ಶಿವಮೊಗ್ಗದ ಹೊಸಮನೆಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಕಳೆದ ವರ್ಷ ಲೀಗಿನ ನಡುವೆ ಮೂರು ವಾರ ಬಿಡುವು ಸಿಕ್ಕಿದಾಗ ಅವಳು ಭದ್ರಾವತಿಯ ಜನ್ನಾಪುರದ ನಮ್ಮ ಮನೆಗೆ ಬಂದಳು. ಬಸ್ಸಿನ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದವಳನ್ನು ಕಂಡು ನನಗೆ ಗಾಬರಿಯಾಯಿತು.

"ಏಟು ಬಿದ್ದಿದ್ಯಾ?" ಎಂದೆ.

"ಇಲ್ಲ ಅಣ್ಣ, ಸುಸ್ತು. ಮ್ಯಾಚ್ ಮೇಲೆ ಮ್ಯಾಚ್ ಆಡಿ ಕಾಲು ನನ್ ಮಾತೇ ಕೇಳ್ತಿಲ್ಲ."

ಮೊದಲ ವಾರ ಅವಳು ತಿಂದಳು, ಮಲಗಿದಳು, ಸಂಜೆ ಅಮ್ಮನ ಜೊತೆ ಅಂಗಡಿಯ ತನಕ ನಡೆದಳು, ಅಷ್ಟೇ. ಒಂದು ದಿನ ಬಿಟ್ಟರೂ ಮೈ ಜಡವಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು. ನನಗೆ ತಡೆಯಲಾಗಲಿಲ್ಲ. "ಎದ್ದೇಳು ಮಾರಾಯ್ತಿ, ನಾಲ್ಕು ರೌಂಡ್ ಓಡು," ಎಂದು ಎಬ್ಬಿಸಹೋದರೆ ಹೊದಿಕೆಯೊಳಗಿಂದಲೇ ಹೇಳಿದಳು: "ಕೋಚ್ ಬರ್ಕೊಟ್ಟಿರೋದೇ ಹಿಂಗೆ. ಈ ವಾರ ಮಲಗೋದೇ ನನ್ ಕೆಲ್ಸ."

ಎಂಟನೆಯ ದಿನ ಬೆಳಿಗ್ಗೆ ಮೈದಾನಕ್ಕೆ ಹೋದೆವು. ಮೂವತ್ತು ಮೀಟರು ಅಳೆದು, ಆ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಅವಳು ಹೊರಟದ್ದು ಕಂಡಿತು. ನೋಡುನೋಡುತ್ತಿದ್ದಂತೆ ನನ್ನನ್ನು ದಾಟಿಯೇ ಬಿಟ್ಟಳು. ವಾಚನ್ನು ನಂಬದೆ ಇನ್ನೆರಡು ಸಲ ಓಡಿಸಿದೆ. ಲೀಗ್ ಶುರುವಾಗುವ ಮೊದಲು ಇದೇ ಮೈದಾನದಲ್ಲಿ ನಾನೇ ಬರೆದಿಟ್ಟುಕೊಂಡಿದ್ದ ಸಮಯಕ್ಕಿಂತ ಮೂರೂ ಸಲ ಬೇಗ. ಏನೂ ಮಾಡದೆ ಮಲಗಿದ್ದಾಳೆ ಎಂದು ನಾನು ಗೊಣಗುತ್ತಿದ್ದ ಆ ಏಳು ದಿನ, ಅವಳ ಕಾಲುಗಳೊಳಗೆ ಎಷ್ಟೆಲ್ಲ ನಡೆದಿತ್ತು! ಇಷ್ಟು ವರ್ಷ ಮೈಯ ಬಗ್ಗೆ ಪಾಠ ಮಾಡಿದವನು ಆ ಮೂರೂ ಸಮಯಗಳನ್ನು ಹಳೆಯದರ ಕೆಳಗೆ ಬರೆದುಕೊಂಡೆ.

ಆಮೇಲೆ ಎರಡು ಗುರುತುಗಳ ನಡುವೆ ಓಡಿ, ತುಸು ನಿಂತು, ಮತ್ತೆ ಓಡುವ ಪರೀಕ್ಷೆ. ಅಲ್ಲಿ ಮೊದಲಿನಷ್ಟು ಸುತ್ತು ಆಗಲೇ ಇಲ್ಲ. ಮೊಣಕಾಲಿಗೆ ಕೈಯೂರಿ ಏದುಸಿರು ಬಿಟ್ಟಳು.

"ಸ್ಪೀಡ್ ಬಂತು, ದಮ್ ಹೋಯ್ತು ಅಣ್ಣ," ಎಂದಳು. ಅವಳಿಗೆ ಬೇಸರವೇನೂ ಇದ್ದಂತಿರಲಿಲ್ಲ. "ಹಿಂಗಾಗತ್ತೆ ಅಂತ ಗೊತ್ತಿತ್ತು. ಇನ್ನು ದಿನಾ ಬರೋಣ."

ದಿನಾ ಹೋದೆವು. ಓಟ ಮುಗಿದ ಮೇಲೆ ನಾನು ಅಲ್ಲಿಂದಲೇ ಶಿವಮೊಗ್ಗದ ಬಸ್ ಹತ್ತುತ್ತಿದ್ದೆ. ಒಂದು ದಿನ ಎರಡು ಸುತ್ತು ಹೆಚ್ಚು, ಮರುದಿನ ಒಂದು ಕಡಿಮೆ, ಮತ್ತೆ ಮೂರು ಹೆಚ್ಚು. ಅವಳ ಉಸಿರು ಹೀಗೆ ಮೆಲ್ಲಗೆ ಹಿಂದಿರುಗುವುದನ್ನು ಪಕ್ಕದಲ್ಲೇ ನಿಂತು ನೋಡುವ ಭಾಗ್ಯ ನನ್ನದಾಯಿತು.

ಬಿಡುವಿನ ನಂತರದ ಮೊದಲ ಪಂದ್ಯವನ್ನು ಅಮ್ಮನೂ ನಾನೂ ಫೋನಿನಲ್ಲಿ ನೋಡಿದೆವು. ಮೊದಲರ್ಧದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಇನ್ನೂ ಇಪ್ಪತ್ತು ನಿಮಿಷ ಉಳಿದಿರುವಾಗ ಓಟ ಕುಂದಿತು. ಕೋಚ್ ಹೊರಗೆ ಕರೆಸಿಕೊಂಡರು.

"ಯಾಕೋ, ಏನಾಯ್ತು?" ಎಂದರು ಅಮ್ಮ.

"ದಮ್ ಇನ್ನೂ ಪೂರ್ತಿ ಬಂದಿಲ್ಲಮ್ಮ."

ಮುಂದಿನ ಪಂದ್ಯದಲ್ಲಿ ಕೋಚ್ ಅವಳನ್ನು ಹೊರಗೆ ಕರೆಸಿಕೊಳ್ಳಲಿಲ್ಲ. ಕೊನೆಯ ನಿಮಿಷದಲ್ಲಿ ತಮ್ಮ ಗೋಲಿನ ಬಳಿಯಿಂದ ಹೊರಟು ಎದುರಾಳಿಗಳ ಗೋಲಿನವರೆಗೂ ಚೆಂಡಿನ ಹಿಂದೆ ಓಡಿದಳು. ಗೋಲಾಗಲಿಲ್ಲ. ಆದರೂ ಅಮ್ಮ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.