ಒರಟು ಬೆರಳಿನ ಜೋಗುಳ

ಮರದ ಮೇಜು ಕುರ್ಚಿ ಮಾಡುವ ಆ ಅಂಗಡಿಯಲ್ಲಿ ಎಲ್ಲರೂ ಅವನನ್ನು ಪಾಲಿಶಣ್ಣ ಎಂದೇ ಕರೆಯುತ್ತಿದ್ದರು. ಬಲಗೈಯಲ್ಲಿ ಬಟ್ಟೆಯುಂಡೆ ಹಿಡಿದು ಮರಕ್ಕೆ ಅರಗು ತಿಕ್ಕುತ್ತಿದ್ದ. ಆ ಕೈಗೆ ಅರಗು ಮೆತ್ತಿರುತ್ತಿದ್ದರಿಂದ, ಆಮೇಲೆ ಕಣ್ಣು ಮುಚ್ಚಿ ಎಡಗೈ ಬೆರಳ ತುದಿಯಿಂದ ಸವರಿ ನೋಡುತ್ತಿದ್ದ. ಕಣ್ಣಿಗೆ ಕಾಣದ ತರಿಯೂ ಆ ಬೆರಳಿಗೆ ಸಿಕ್ಕಿಬೀಳುತ್ತಿತ್ತು. ಬೆರಳು ನುಣ್ಣಗಿದ್ದರೆ ತಾನೇ ಮರದ ನುಣುಪು ತಿಳಿಯುವುದು? ಹಾಗಾಗಿ ಸಂಜೆ ಕೈ ತೊಳೆಯುವ ಮುಂಚೆ ಮರ ಉಜ್ಜಿ ಸವೆದ ಉಪ್ಪುಕಾಗದದ ಚೂರಿನಿಂದ ಎಡಗೈ ತುದಿಗಳನ್ನು ಹಗುರವಾಗಿ ಉಜ್ಜಿಕೊಳ್ಳುವುದು ಅವನ ರೂಢಿ. ಅದರಲ್ಲಿ ಒಂದಿಷ್ಟು ಜಂಬವೂ ಇತ್ತೆನ್ನಿ.

ಇಂಥವನು ತಲೆಯೆಲ್ಲ ನೆರೆತ ಮೇಲೆ ಗಿಟಾರ್ ಹಿಡಿದರೆ ಅಂಗಡಿಯವರು ಸುಮ್ಮನಿರುತ್ತಾರೆಯೇ? "ಏನಣ್ಣಾ, ಇನ್ನೊಂದು ಮದುವೆ ಯೋಚನೆನಾ?" ಎಂದು ರೇಗಿಸಿದರು. ಕಾರಣ ತಿಳಿದ ಮೇಲೆ ರೇಗಿಸುವುದನ್ನು ಬಿಟ್ಟರು.

ಅವನ ಹೆಂಡತಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು. ಗಂಡ ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟರೆ ಅರ್ಧ ಗಂಟೆ ಉಪನ್ಯಾಸ ಕೊಡುತ್ತಿದ್ದವಳು ಈಗ 'ನೀರು' ಎನ್ನಲೂ ಒದ್ದಾಡುತ್ತಿದ್ದಳು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಅದೇ ದೊಡ್ಡ ಸಂಕಟ.

"ಕೆಲವರಿಗೆ ಮಾತು ಬರದಿದ್ರೂ ಹಾಡು ಬರುತ್ತೆ," ಎಂದಿದ್ದರು ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರಮ್ಮ. "ಇವರ ಮನಸ್ಸಲ್ಲಿ ಕೂತಿರೋ ಹಳೇ ಹಾಡನ್ನ ದಿನಾ ಕೇಳಿಸಿ. ಕೊನೇ ಪದ ಬರೋ ಮುಂಚೆ ನಿಲ್ಲಿಸಿ, ಕಾಯಿರಿ. ಬಂದೇ ಬರುತ್ತೆ ಅಂತ ಮಾತ್ರ ಹೇಳಲಾರೆ."

ಅಂಥ ಹಾಡು ಒಂದೇ ಇತ್ತು. ಮಗಳನ್ನು ಮಲಗಿಸಲು ಅವಳೇ ಕಟ್ಟಿದ ಜೋಗುಳ: 'ಕಿಟಕಿ ಮುಚ್ಚಿದೆ, ಬಾಗಿಲು ಮುಚ್ಚಿದೆ, ಅಮ್ಮ ಇಲ್ಲೇ ಇದ್ದಾಳೆ.' ಯಾವ ಫೋನಿನಲ್ಲೂ ಸಿಗದ ಹಾಡು. ಮಗಳಿಗೆ ರಾಗ ನೆನಪಿಲ್ಲ. ನೆನಪಿದ್ದದ್ದು ಪಾಲಿಶಣ್ಣನಿಗೆ ಮಾತ್ರ. ಆದರೆ ಅವನ ಕಂಠಕ್ಕೆ ದೇವರೇ ಗತಿ. ಹಾಡಿದರೆ ಹೆಂಡತಿ ಗೋಡೆ ಕಡೆ ಹೊರಳುತ್ತಿದ್ದಳು.

"ಅಪ್ಪಾ, ನೀನು ಹಾಡ್ಬೇಡ, ನುಡಿಸು," ಎಂದ ಮಗಳು, ತಾನು ನಾಲ್ಕು ದಿನ ಕಲಿತು ಮೂಲೆಗೆಸೆದಿದ್ದ ಗಿಟಾರನ್ನು ತಂದುಕೊಟ್ಟಳು.

ಪಕ್ಕದ ಬೀದಿಯ ಮಹಡಿಯಲ್ಲಿ ಗಿಟಾರ್ ಪಾಠ ಹೇಳುವ ಹುಡುಗಿ, "ಹತ್ತು ನಿಮಿಷ ಸಾಕು ಅಂಕಲ್, ಆದರೆ ಒಂದು ದಿನಾನೂ ತಪ್ಪಿಸಬಾರದು," ಎಂದಳು. "ಮೊದಮೊದಲು ಬೆರಳು ಉರಿಯುತ್ತೆ. ತಾನೇ ಕಡಿಮೆಯಾಗುತ್ತೆ."

ಕಡಿಮೆಯಾಗಲಿಲ್ಲ. ಅವನಿಗಿಂತ ತಡವಾಗಿ ಸೇರಿದ ವಯಸ್ಸಾದವರೆಲ್ಲ ಆರಾಮಾಗಿ ತಂತಿ ಒತ್ತುತ್ತಿದ್ದರೆ ಇವನು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದ. ಒತ್ತು ಸಾಲದೆ ತಂತಿ ಬರೀ ಗೊರಗುಟ್ಟುತ್ತಿತ್ತು. ಒಂದು ದಿನ ಹುಡುಗಿ ಅವನ ಕೈ ತಿರುಗಿಸಿ ನೋಡಿದಳು.

"ಇದೇನು ಅಂಕಲ್, ತುದಿ ಇಷ್ಟು ನುಣ್ಣಗಿದೆ?"

"ದಿನಾ ಉಜ್ಜುತ್ತೀನಲ್ಲ," ಎಂದ ಹೆಮ್ಮೆಯಿಂದ.

ಅವಳು ಬಿದ್ದು ಬಿದ್ದು ನಕ್ಕಳು. "ಆ ಗಟ್ಟಿ ಚರ್ಮ ಬೆಳೀಲಿ ಅಂತಾನೇ ಈ ಹತ್ತು ನಿಮಿಷ! ಅದನ್ನೇ ದಿನಾ ಕಿತ್ತುಹಾಕ್ತಿದ್ದೀರಾ?"

"ಅದು ಬೆಳೆದ್ರೆ ಮರ ನನ್ನ ಕೈಗೆ ತಿಳಿಯಲ್ಲ, ಟೀಚರಮ್ಮ."

ಅವಳ ನಗು ಅಲ್ಲಿಗೇ ನಿಂತಿತು. ಅಂದೇ ಅವನು ಉಪ್ಪುಕಾಗದದ ಚೂರನ್ನು ಮನೆಗೆ ತಂದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಬೆರಳು ಗಟ್ಟಿಯಾಯಿತು, ರಾಗವೂ ತಕ್ಕಮಟ್ಟಿಗೆ ಮೂಡಿತು. ಸಂಜೆ ಸಂಜೆ ಕೊನೆಯ ಪದಕ್ಕೆ ಮುಂಚೆ ನಿಲ್ಲಿಸಿ ಹೆಂಡತಿಯ ಬಾಯಿ ನೋಡುತ್ತಿದ್ದ. ಅವಳು ಕಣ್ಣು ಕೆಳಗೆ ಮಾಡುತ್ತಿದ್ದಳು.

ಹೀಗಿರುವಾಗ, ಅಂಚು ತರಿತರಿಯಾಗಿದೆಯೆಂದು ಅಂಗಡಿಗೆ ಒಂದು ಮೇಜು ವಾಪಸ್ ಬಂತು. ಯಜಮಾನರು ಅದರ ಅಂಚು ಸವರಿ, "ಇದು ನಿನ್ನ ಕೈಯಿಂದ ಹೋದದ್ದೇನಣ್ಣಾ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ವಾಸಿಯಿತ್ತು. ಪಾಲಿಶಣ್ಣ ತಲೆ ತಗ್ಗಿಸಿ ಎಡಗೈಯಿಂದ ಮುಟ್ಟಿ ನೋಡಿದ. ಎಷ್ಟು ತಡಕಿದರೂ ಅವನಿಗೆ ತರಿ ಸಿಗಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವನಿಗೆ ಕೆಲಸದ ಬಗ್ಗೆ ಭಯವಾಯಿತು.

ಅಂದು ಮನೆಗೆ ಬಂದವನೇ ಹೆಂಡತಿಯ ಮಂಚದ ಅಂಚಿನಲ್ಲಿ ಕೂತು ಡಬ್ಬಿ ತೆರೆದ.

"ನನ್ನಿಂದಾಗಲ್ಲ ಕಣೇ. ಹಾಡೂ ಬರ್ಲಿಲ್ಲ, ಇರೋ ಕೆಲಸಾನೂ ಕೈ ಬಿಡ್ತಿದೆ," ಎಂದು ಚೂರನ್ನು ಬೆರಳಿಗೆ ಒತ್ತಿದ.

ಅವಳ ಎಡಗೈ ಚಾಚಿ ಬಂದು ಆ ಚೂರನ್ನು ಕಿತ್ತುಕೊಂಡಿತು. ಮುಷ್ಟಿ ಬಿಗಿ ಮಾಡಿದಳು. ಅವನು ಕೇಳಿದ, ಗದರಿದ, ಬೇಡಿದ, ಅವಳು ಬಿಡಲಿಲ್ಲ. ಗೋಡೆಗೊರಗಿದ್ದ ಗಿಟಾರನ್ನು ಗಲ್ಲ ಎತ್ತಿ ತೋರಿಸಿದಳು. ಚಪ್ಪಲಿಗಾಗಿ ಜಗಳಕ್ಕಿಳಿಯುತ್ತಿದ್ದಾಗಿನ ಅದೇ ಮುಖ.

ಸೋತು, ಗಿಟಾರ್ ತೊಡೆಗೇರಿಸಿಕೊಂಡು ನುಡಿಸಿದ. ಕಿಟಕಿ ಮುಚ್ಚಿತು, ಬಾಗಿಲು ಮುಚ್ಚಿತು. 'ಅಮ್ಮ ಇಲ್ಲೇ' ಎಂಬಲ್ಲಿಗೆ ಬಂದು ಬೆರಳು ನಿಲ್ಲಿಸಿದ. ಈ ಸಲ ಅವಳ ಬಾಯಿ ನೋಡುವ ಧೈರ್ಯವಿರಲಿಲ್ಲ.

"ಇ... ದ್ದಾಳೆ."

ತೊದಲಿತ್ತು, ಆದರೆ ರಾಗ ಸರಿಯಾಗಿತ್ತು. ಪಾಲಿಶಣ್ಣನಿಗೆ ಅಳು ಉಕ್ಕಿ ಬಂತು. ಆ ಗಟ್ಟಿ ಬೆರಳಿನಿಂದಲೇ ಕಣ್ಣೊರೆಸಿಕೊಂಡು ಹಾಡನ್ನು ಮತ್ತೆ ಮೊದಲಿನಿಂದ ಶುರುಮಾಡಿದ.