ಲೋಟದಲ್ಲಿ ಎದ್ದ ಗುಳ್ಳೆ

ಹಾಲಹರವಿಯ ನಾಗಜ್ಯೋತಿ ವಿಜ್ಞಾನದ ಟೀಚರ್. ಗಂಡ ತಿಪ್ಪೇಶ ಕೊರೊನಾ ಕಾಲದಲ್ಲಿ, ಆಮ್ಲಜನಕದ ಸಿಲಿಂಡರ್ ಬರುವಷ್ಟರಲ್ಲಿ, ಆಸ್ಪತ್ರೆಯಲ್ಲೇ ಉಸಿರಿಗೆ ಒದ್ದಾಡಿ ಹೋಗಿಬಿಟ್ಟ. ಹೆಣವೂ ಮನೆಗೆ ಬರಲಿಲ್ಲ. ಅಂದು ಆಕೆ ಅಳಲಿಲ್ಲ, ಇಂದಿಗೂ ಅತ್ತಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು? "ಕಲ್ಲು ಎದಿ ಆಕಿದು" ಎಂದರು. ಆಕೆಗೂ ಹಾಗೇ ಅನ್ನಿಸುತ್ತಿತ್ತು. ಉಣ್ಣುತ್ತಿದ್ದಳು, ರುಚಿ ತಿಳಿಯುತ್ತಿರಲಿಲ್ಲ.

ಸತ್ತವರ ಹೆಸರಲ್ಲಿ ದೀಪ ಹಚ್ಚಿ, ಪಕ್ಕದಲ್ಲಿ ನೀರಿಡುವುದು ವಾಡಿಕೆ. ದಿನಕರ್ಮ ಮುಗಿದ ಮೇಲೆ ತೆಗೆಯಬೇಕು. ಅತ್ತೆ ಜಂಬಮ್ಮ ತೆಗೆಯಲೇ ಇಲ್ಲ. ಮಗನ ಮಂಚವಿದ್ದ ಕತ್ತಲ ಮೂಲೆಯಲ್ಲಿ, ಅವನದೇ ಗಾಜಿನ ಲೋಟದಲ್ಲಿ, ದಿನಾ ಹೊಸ ನೀರು. "ಮನಿಗೆ ಬಂದು ಒಂದು ಗುಟುಕು ಕುಡದು ಹೋಗಲಿಲ್ಲ ನನ್ನ ಮಗ. ಕುಡೀಲಿ ಬಿಡು" ಅನ್ನುತ್ತಿದ್ದಳು.

ಶಾಲೆಯಲ್ಲಿ ನಾಗಜ್ಯೋತಿ ಒಂದು ಪಾಠವನ್ನು ಮಾತ್ರ ಪ್ರತಿ ವರ್ಷ ಹಾರಿಸುತ್ತಿದ್ದಳು: ಎಲೆ ಆಹಾರ ತಯಾರಿಸುವ ಪಾಠ. ಈ ಸಲ ಚಂದನಾ ಎಂಬ ಹುಡುಗಿ ಕಾಲುವೆಯಿಂದ ನೀರುಗಿಡ ಕಿತ್ತು ತಂದೇಬಿಟ್ಟಳು. ಇನ್ನು ತಪ್ಪಿಸಿಕೊಳ್ಳುವುದೆಲ್ಲಿ?

"ಬಿಸಿಲು ಬಿದ್ರ ಎಲಿ ನೀರು ಒಡೀತೈತಿ. ಜಲಜನಕ ಇಟ್ಕೊಂಡು ಆಹಾರ ಮಾಡ್ಕೊಂತೈತಿ. ಆಮ್ಲಜನಕ ಹೊರಗ ಬಿಡ್ತೈತಿ" ಎಂದು ನಾಗಜ್ಯೋತಿ ಗಿಣಿಪಾಠ ಒಪ್ಪಿಸಿದಳು.

"ಯಾಕ ಬಿಡ್ತೈತ್ರಿ ಟೀಚರ್?" ಚಂದನಾ ಕೇಳಿದಳು.

"ಅದಕ್ಕ ಅಷ್ಟು ಬೇಕಾಗಿಲ್ಲ."

ಹೇಳಿದ ಮೇಲೆ ಸಿಟ್ಟು ಬಂತು. ಕಂಡಕಂಡವರ ಕಾಲು ಹಿಡಿದರೂ ಸಿಗದಿದ್ದನ್ನು ಈ ಕಾಲುವೆಯ ಕಸ ಬೇಡವೆಂದು ಬಿಸಾಡುತ್ತದೆಯೇ! ಎಷ್ಟೋ ವರ್ಷದ ಮೇಲೆ ಬಂದ ಸಿಟ್ಟು ಅದು. ಆ ಗಿಡದ ಒಂದು ಎಸಳನ್ನು ಮನೆಗೆ ತಂದಳು.

ಮರುದಿನ ಭಾನುವಾರ. ಬೆಳಿಗ್ಗೆ ಎಸಳನ್ನು ಮೂಲೆಯ ಲೋಟದಲ್ಲಿ ಬಿಟ್ಟಳು. ಏನೂ ಆಗಲಿಲ್ಲ, ಕತ್ತಲಲ್ಲಿ ಏನಾದೀತು? ಲೋಟ ಎತ್ತಿದಳು.

"ಅಯ್ಯ, ಎತ್ತಬ್ಯಾಡ! ಅವ ಬಂದ್ರ ಎಲ್ಲಿ ಹುಡುಕ್ತಾನ?" ಜಂಬಮ್ಮ ಕೂಗಿದಳು.

"ಬಿಸಿಲಿಗೆ ಇಡ್ತೀನಿ, ಅತ್ತಿ."

ಅಂಗಳದ ಕಟ್ಟೆಯ ಮೇಲಿಟ್ಟಳು. ಬೈಯುತ್ತಲೇ ಜಂಬಮ್ಮ ಹಿಂದೆ ಬಂದಳು. ಸ್ವಲ್ಪ ಹೊತ್ತಿಗೆ ಎಸಳಿನ ತುದಿಯಿಂದ ಸಣ್ಣ ಗುಳ್ಳೆಯೊಂದು ಎದ್ದಿತು. ಹಿಂದೆಯೇ ಇನ್ನೊಂದು, ಮತ್ತೊಂದು.

"ಏನದು?"

"ಉಸಿರಾಡೋ ಗಾಳಿ, ಅತ್ತಿ. ಅವರಿಗೆ ಸಿಗಲಿಲ್ಲಲ್ಲ, ಅದ."

ಜಂಬಮ್ಮ ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು. ತಲೆಯೆತ್ತದೆ ಕೇಳಿದಳು:

"ಈಗ ಬಂತೇನವ್ವಾ?"

ನಾಗಜ್ಯೋತಿ ಅತ್ತೆಯ ಪಕ್ಕ ಕುಸಿದು ಕೂತು, ಬಾಯಿಬಿಟ್ಟು ಅತ್ತಳು.